ತುಮಕೂರಿನ ಮಣ್ಣು ದಾರಿಗಳಲ್ಲಿ ಗ್ರಾವೆಲ್ ಸೈಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ದೇವರಾಯನದುರ್ಗ, ಕೊರಟಗೆರೆ, ಮಧುಗಿರಿ, ಗುಬ್ಬಿ ಕಡೆ ಲಾರಿ, ಕಾರುಗಳ ಕಾಟವಿಲ್ಲದೆ ಸೈಕಲ್ ತುಳಿಯಬೇಕು ಅನ್ನುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೆಲವಕ್ಕೆ ಉತ್ತರ ಒಂದೇ ಸಾಲು. ಕೆಲವಕ್ಕೆ ಸ್ವಲ್ಪ ಜಾಸ್ತಿ ಮಾತಾಡಬೇಕಾಗುತ್ತೆ.

ಗ್ರಾವೆಲ್ ಬೈಕ್ ಅಂದ್ರೆ ಏನು? ರೋಡ್ ಬೈಕ್, ಎಂಟಿಬಿ (ಮೌಂಟನ್ ಬೈಕ್) ಇರುವಾಗ ಇನ್ನೊಂದು ಯಾಕೆ?

ನೋಡೋಕೆ ರೋಡ್ ಬೈಕ್ ತರಾನೇ. ಹ್ಯಾಂಡಲ್ ಕೆಳಕ್ಕೆ ಬಾಗಿರುತ್ತೆ. ಆದರೆ ಟೈರ್ ದಪ್ಪ, ಸಾಮಾನ್ಯವಾಗಿ 38ರಿಂದ 50 ಎಂಎಂ. ಡಿಸ್ಕ್ ಬ್ರೇಕ್, ಏರು ಹತ್ತೋಕೆ ಸಣ್ಣ ಗೇರು. ಟಾರು ರಸ್ತೆಯಲ್ಲೂ ಓಡುತ್ತೆ, ಮಣ್ಣು ದಾರಿಯಲ್ಲೂ ಓಡುತ್ತೆ.

ಇದು ಜೋರಾಗಿದ್ದು ಅಮೆರಿಕದ ಕಡೆ. ಕಾನ್ಸಾಸ್ ರಾಜ್ಯದಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ರೇಸಿಗೆ ಈಗ ಅನ್‌ಬೌಂಡ್ ಗ್ರಾವೆಲ್ ಅಂತ ಹೆಸರು. ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 2022ರಲ್ಲಿ, ಇಟಲಿಯಲ್ಲಿ. ಕಾನ್ಸಾಸ್‌ನಲ್ಲಿ ಫ್ಲಿಂಟ್ ಕಲ್ಲಿನ ಚೂಪು ಚೂರುಗಳು ಟೈರ್ ಸೀಳಿಬಿಡುತ್ತವೆ. ನಮ್ಮ ಕಡೆ ಆ ಕೆಲಸಕ್ಕೆ ಮುಳ್ಳಿದೆ. ಅದರ ಕಥೆ ಮುಂದೆ ಬರುತ್ತೆ.

ನನ್ನ ಹತ್ರ ಇರೋದು ಹಳೇ ಎಂಟಿಬಿ. ನಡೆಯುತ್ತಾ?

ಧಾರಾಳವಾಗಿ. ಮುಂದಿನ ಸಸ್ಪೆನ್ಷನ್ ಲಾಕ್ ಆಗೋ ಹಾಗಿದ್ದರೆ ಟಾರು ಬಂದಾಗ ಲಾಕ್ ಮಾಡಿಕೊಳ್ಳಿ, ಅಷ್ಟೆ. ದೊಡ್ಡ ಹಲ್ಲಿನ ಟೈರ್ ತೆಗೆದು ಸಣ್ಣ ಹಲ್ಲಿನದು ಹಾಕಿಸಿದರೆ ಸಾಕು, ಹೊಸ ಸೈಕಲ್ ಕೊಂಡಷ್ಟೇ ಖುಷಿ. ಹಳ್ಳಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವವರು ಇದೇ ದಾರಿಯಲ್ಲಿ ಗೇರಿಲ್ಲದ ಸೈಕಲ್ ತುಳಿಯುತ್ತಾರೆ. ಲಕ್ಷ ರೂಪಾಯಿ ಸೈಕಲ್ ಇಲ್ಲದೆ ಹೊರಡೋದೇ ಬೇಡ ಅಂದುಕೊಂಡವರು ಅವರನ್ನೊಮ್ಮೆ ನೋಡಬೇಕು.

ರೋಡ್ ಬೈಕಿನ 25 ಎಂಎಂ ಟೈರ್ ಹಾಕಿಕೊಂಡು ಮಾತ್ರ ಬರಬೇಡಿ. ಬರೋಕೇನೋ ಬರಬಹುದು, ವಾಪಸ್ ಹೋಗೋದು ಕಷ್ಟ.

ತುಮಕೂರೇ ಯಾಕೆ? ಎಲ್ಲರೂ ನಂದಿ ಬೆಟ್ಟಕ್ಕೆ ಹೋಗ್ತಾರಲ್ಲ?

ಹೋಗಲಿ ಬಿಡಿ. ನಂದಿ 1,478 ಮೀಟರ್ ಎತ್ತರ, ಏರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾನುವಾರ ಬೆಳಗ್ಗೆ ಅಲ್ಲಿ ಕಾರು, ಬೈಕುಗಳ ಸಾಲು ಹೇಗಿರುತ್ತೆ ಅಂತ ಹೋದವರಿಗೆ ಗೊತ್ತು. ಹೊಗೆ ಕುಡಿದು ಏರು ಹತ್ತಬೇಕಾ?

ತುಮಕೂರಿನ ಸುತ್ತ ಸಿಗೋದು ಬೇರೆ ತರದ್ದು. ಕುರುಚಲು ಕಾಡು, ಹೆಬ್ಬಂಡೆಗಳು, ನಡುನಡುವೆ ಕೆರೆ, ಹುಣಸೆ ಮರ, ತೆಂಗಿನ ತೋಟ, ಗರಸು ಮಣ್ಣಿನ ದಾರಿ. ನಮ್ಮದು ದಟ್ಟ ಮಲೆನಾಡಲ್ಲ. ಕಾಡು ಅಂದ ಕೂಡಲೇ ಆಗುಂಬೆ ನೆನಪಾದರೆ ಇಲ್ಲಿ ನಿರಾಸೆ ಆಗಬಹುದು. ಬಂದರಿಕೆ, ಕಾರೆ, ಸೀತಾಫಲ, ದಿಂಡಿಗ, ಮುತ್ತುಗ ಇವೇ ಇಲ್ಲಿಯ ಗಿಡಮರಗಳು. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆಯೆಲ್ಲ ಉದುರಿ, ಮುತ್ತುಗ ಒಂದೇ ಕೆಂಪಗೆ ಹೂಬಿಟ್ಟು ನಿಂತಿರುತ್ತಲ್ಲ, ಆಗ ಒಂದ್ಸಲ ಬನ್ನಿ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಶಿಂಷಾ ನದಿ, ಜಯಮಂಗಲಿ ನದಿ ಎರಡೂ ಹುಟ್ಟೋದು ದೇವರಾಯನದುರ್ಗದ ಬೆಟ್ಟಗಳಲ್ಲೇ. ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತೆ. ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆ ಹರಿದು ಉತ್ತರ ಪಿನಾಕಿನಿಗೆ ಸೇರುತ್ತೆ. ನೀವು ಸೈಕಲ್‌ನಲ್ಲಿ ಬೆಟ್ಟದ ಈ ಮಗ್ಗುಲಿಂದ ಆ ಮಗ್ಗುಲಿಗೆ ದಾಟಿದರೆ ಒಂದು ನದಿಯ ಸೀಮೆಯಿಂದ ಇನ್ನೊಂದರ ಸೀಮೆಗೆ ಹೋದ ಹಾಗೆ. ಅರ್ಧ ದಿನದ ಸೈಕಲ್ ಸವಾರಿಯಲ್ಲಿ ಇದು ಬೇರೆಲ್ಲಿ ಸಿಗುತ್ತೆ ಹೇಳಿ?

ಕಾಡಿನೊಳಗೆ ಹೋಗಬಹುದಾ?

ಸುಮ್ನೆ ನುಗ್ಗೋ ಹಾಗಿಲ್ಲ. ದೇವರಾಯನದುರ್ಗ ಮೀಸಲು ಅರಣ್ಯ. ಅದರೊಳಗಿನ ಇಲಾಖೆ ದಾರಿಗಳು, ಬೆಂಕಿ ಹಬ್ಬದಿರಲಿ ಅಂತ ಬೋಳಿಸಿರುವ ಬೆಂಕಿ ರೇಖೆಗಳು ನೋಡೋಕೆ ಸೈಕಲ್‌ಗೇ ಮಾಡಿದ ಹಾಗಿರುತ್ತವೆ, ನಿಜ. ಆದರೆ ಅನುಮತಿ ಇಲ್ಲದೆ ಹೋದರೆ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅದು ಅಪರಾಧ. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ಕೇಳಿ. ಕೊಟ್ಟರೆ ಹೋಗಿ, ಕೊಡದಿದ್ದರೆ ಬಿಡಿ. ಗಾರ್ಡ್ ಹತ್ರ ವಾದ ಮಾಡಿ ಒಬ್ಬರು ಹೋಗಿಬಿಟ್ಟರೆ ಮುಂದೆ ಬರುವ ಎಲ್ಲರಿಗೂ ಬಾಗಿಲು ಮುಚ್ಚುತ್ತೆ.

ಬೇಸಿಗೆಯಲ್ಲಂತೂ ಕೇಳಲೇಬೇಡಿ. ಜನವರಿ ದಾಟಿದ ಮೇಲೆ ಬಾದೆ ಹುಲ್ಲು ಒಣಗಿ ನಿಂತಿರುತ್ತೆ, ಒಂದು ಬೀಡಿ ಕಿಡಿ ಸಾಕು. ಆ ತಿಂಗಳುಗಳಲ್ಲಿ ಇಲಾಖೆಯವರು ಹಗಲು ರಾತ್ರಿ ಬೆಂಕಿ ಕಾಯುತ್ತಿರುತ್ತಾರೆ. ಅವರ ಕಣ್ಣಿಗೆ ಆಗ ಕಾಡಿನೊಳಗಿರುವ ಯಾರೇ ಆದರೂ ಅನುಮಾನದವರೇ.

ತುಮಕೂರಿನಿಂದ ನಾಮದ ಚಿಲುಮೆ ಮೇಲೆ ದೇವರಾಯನದುರ್ಗಕ್ಕೆ ಹೋಗುವ ಟಾರು ರಸ್ತೆ ಸಾರ್ವಜನಿಕ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕಾಡಿನ ನಡುವೆಯೇ ಹೋಗುತ್ತೆ. ವಾರದ ದಿನ ಬೆಳಗ್ಗೆ ಹೋದರೆ ವಾಹನ ಕಡಿಮೆ. ಶನಿವಾರ, ಭಾನುವಾರ ನರಸಿಂಹಸ್ವಾಮಿ ಭಕ್ತರು, ಚಿಲುಮೆಯ ಜಿಂಕೆ ನೋಡುವ ಮಕ್ಕಳು, ಕೋತಿಗಳು ಎಲ್ಲರೂ ರಸ್ತೆಯಲ್ಲೇ.

ಹಾಗಾದ್ರೆ ತುಳಿಯೋದು ಎಲ್ಲಿ?

ಅಂಚಿನಲ್ಲಿ. ನನ್ನ ಕೇಳಿದರೆ ತುಮಕೂರು ಜಿಲ್ಲೆಯ ಒಳ್ಳೆ ಗ್ರಾವೆಲ್ ಎಲ್ಲಾ ಇರೋದು ಕಾಡಿನ ಒಳಗಲ್ಲ, ಕಾಡಿನ ಅಂಚಿನಲ್ಲಿ. ಕಾಡು ಮುಗಿದು ಹೊಲ ಶುರುವಾಗುವ ಕಡೆ ಒಂದು ಬಂಡಿದಾರಿ ಇದ್ದೇ ಇರುತ್ತೆ. ಊರಿಂದ ಊರಿಗೆ, ಊರಿಂದ ಕೆರೆಗೆ, ಕೆರೆಯಿಂದ ಗೋಮಾಳಕ್ಕೆ. ಇವೆಲ್ಲ ಜೋಡಿಸಿಕೊಂಡರೆ ಹೆದ್ದಾರಿಗೆ ಗಾಲಿ ತಾಗಿಸದೆ ಒಂದಿಡೀ ದಿನ ತಿರುಗಬಹುದು.

ಮೊದಲ ಸಲ ಬರುವವರಿಗೆ ಮೈದಾಳ ಕೆರೆ ಕಡೆ ಹೇಳುತ್ತೇನೆ. ಊರಿಗೆ ಹತ್ತಿರ, ಬೆಟ್ಟದ ತಪ್ಪಲು, ಸುತ್ತ ಮಣ್ಣು ದಾರಿಗಳಿವೆ, ಬೇಜಾರಾದರೆ ಬೇಗ ವಾಪಸ್ ಬರಬಹುದು. ಸ್ವಲ್ಪ ಅಭ್ಯಾಸ ಆದವರು ಊರ್ಡಿಗೆರೆಯಿಂದ ದೇವರಾಯನದುರ್ಗದ ತಪ್ಪಲಿನ ಹಳ್ಳಿಗಳನ್ನು ಹಿಡಿಯಬಹುದು. ಏರಿಳಿತ ಜಾಸ್ತಿ, ಬಂಡೆ ಜಾಸ್ತಿ, ಮಳೆಗೆ ಕೊರೆದ ಕೊರಕಲು ಇನ್ನೂ ಜಾಸ್ತಿ. ಕೊರಟಗೆರೆ ಕಡೆ ಗೊರವನಹಳ್ಳಿ ಹತ್ತಿರದ ತೀತಾ ಜಲಾಶಯದ ಸುತ್ತಮುತ್ತ ಇನ್ನೊಂದು ಒಳ್ಳೆ ಜಾಗ. ಶುಕ್ರವಾರ ಲಕ್ಷ್ಮಿ ದರ್ಶನಕ್ಕೆ ಜನ ಜಾತ್ರೆ ಹಾಗೆ ಬರುತ್ತಾರೆ, ಅವತ್ತು ಬೇಡ. ಅಲ್ಲಿಂದ ಉತ್ತರಕ್ಕೆ ನೋಡಿದರೆ ಮಧುಗಿರಿಯ ಏಕಶಿಲಾ ಬೆಟ್ಟದ ಕಡೆಯ ಸಾಲು. ಚನ್ನರಾಯನದುರ್ಗದ ಸುತ್ತಲಿನ ದಾರಿಗಳಲ್ಲಿ ಮೇಕೆ ಮಂದೆ ಬಿಟ್ಟರೆ ಬೇರೆ ಟ್ರಾಫಿಕ್ಕೇ ಇಲ್ಲ ಅನ್ನಬಹುದು.

ಇನ್ನು ಕಾವಲುಗಳು. ಇದನ್ನು ಯಾರೂ ಹೇಳೋದಿಲ್ಲ ಅಂತ ನಾನು ಸ್ವಲ್ಪ ಉದ್ದ ಹೇಳುತ್ತೇನೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಅರಮನೆಯ ದನಗಳ ಇಲಾಖೆಯೊಂದಿತ್ತು, ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಆ ದನಗಳು ಮೇಯಲಿ ಅಂತ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಚಿಕ್ಕನಾಯಕನಹಳ್ಳಿ, ತಿಪಟೂರು, ಗುಬ್ಬಿ ಕಡೆ ಊರುಗಳ ಹೆಸರಿನ ಜೊತೆ ಈಗಲೂ ‘ಕಾವಲ್’ ಅಂತ ಅಂಟಿಕೊಂಡಿರುತ್ತೆ. ಎಷ್ಟೋ ಕಾವಲುಗಳು ಹೋಗಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಶುರುವಾಯಿತು. ಆದರೆ ಉಳಿದಿರುವ ಕಡೆ ಮೊಣಕಾಲುದ್ದ ಹುಲ್ಲು, ಅಲ್ಲೊಂದು ಇಲ್ಲೊಂದು ಕಾರೆ ಗಿಡ, ಬಿಚ್ಚಿಟ್ಟ ಆಕಾಶ. ಇವುಗಳಲ್ಲಿ ಕೆಲವು ಅರಣ್ಯ ಇಲಾಖೆ ಕೈಲಿವೆ, ಕೆಲವು ಪಶುಸಂಗೋಪನೆ ಇಲಾಖೆ ಕೈಲಿವೆ. ಹಾಗಾಗಿ ಬೇಲಿ, ಬೋರ್ಡು ಕಂಡರೆ ಹೊರಗಿನ ದಾರಿ ಹಿಡಿಯಿರಿ. ಹೊರಗಿನಿಂದಲೂ ನೋಟ ಅದೇ.

ಯಾವ ಕಡೆ ಹೋಗಬಾರದು?

ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಡೆ ಬೇಡ, ಲಾರಿಗಳು. ಕಲ್ಲು ಕ್ವಾರಿ, ಕ್ರಷರ್ ಇರುವ ದಾರಿ ಬೇಡವೇ ಬೇಡ. ಮ್ಯಾಪ್‌ನಲ್ಲಿ ಅದು ಗೊತ್ತಾಗಲ್ಲ, ದಾರಿಯಲ್ಲಿ ಗೊತ್ತಾಗುತ್ತೆ. ಮಣ್ಣು ದಾರಿ ಇದ್ದಕ್ಕಿದ್ದ ಹಾಗೆ ಅಗಲ ಆಯಿತಾ, ಪಕ್ಕದ ಲಂಟಾನ ಎಲೆಗಳ ಮೇಲೆ ಬೂದಿ ಬಣ್ಣದ ಪುಡಿ ಕೂತಿದೆಯಾ, ಹಾಗಿದ್ದರೆ ಮುಂದೆ ಕ್ರಷರ್ ಇದೆ, ಟಿಪ್ಪರ್ ಬರುತ್ತೆ. ಅಲ್ಲೇ ತಿರುಗಿಸಿ.

ದಾರಿ ಸಾರ್ವಜನಿಕದ್ದೋ ಯಾರದೋ ಜಮೀನೋ ತಿಳಿಯೋದು ಹೇಗೆ?

ಗ್ರಾಮ ನಕ್ಷೆಯಲ್ಲಿ ಗುರುತಾಗಿರುವ ದಾರಿಗೆ ಹಳ್ಳಿಗಳಲ್ಲಿ ‘ನಕಾಶೆ ಕಂಡ ದಾರಿ’ ಅನ್ನುತ್ತಾರೆ. ಅದು ಎಲ್ಲರ ದಾರಿ. ಯಾರಾದರೂ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರೂ ದಾಖಲೆಯಲ್ಲಿ ಅದು ದಾರಿಯೇ. ಆದರೆ ಅದನ್ನು ಬಿಡಿಸೋದು ತಹಶೀಲ್ದಾರರ ಕೆಲಸ, ಸೈಕಲ್‌ನವರದಲ್ಲ! ಬೆಳೆ ಇದ್ದರೆ ಸುತ್ತಿಕೊಂಡು ಹೋಗಿ.

ಸರ್ಕಾರದ ದಿಶಾಂಕ್ ಆ್ಯಪ್ ಫೋನಲ್ಲಿರಲಿ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತೆ. ಜಾಗ ಸರ್ಕಾರಿಯೋ ಖಾಸಗಿಯೋ ಅನ್ನೋ ಅಂದಾಜು ಸಿಗುತ್ತೆ. ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಗೆರೆ ಕಂಡಿತು ಅಂತ ಮಾತ್ರ ನಂಬಬೇಡಿ. ಯಾರೋ ಒಬ್ಬ ತೋಟದ ಮಾಲೀಕ ತನ್ನ ತೋಟದೊಳಗೆ ತಾನೇ ಓಡಾಡಿದ ಗೆರೆ ಇರಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಅನುಮಾನ ಇದ್ದರೆ ಅಲ್ಲಿರುವವರನ್ನ ಕೇಳಿ. ‘ಯಜಮಾನ್ರೇ, ಈ ದಾರಿ ಆ ಕಡೆ ಹೋಗುತ್ತಾ?’ ಅಂದರೆ ಸಾಕು. ಹೋಗುತ್ತೆ, ಹೋಗಲ್ಲ, ಮುಂದೆ ಹಳ್ಳದಲ್ಲಿ ನೀರಿದೆ, ಮನೆಗೆ ಬಂದು ಕಾಫಿ ಕುಡಿದು ಹೋಗಿ, ಎಲ್ಲ ಮಾಹಿತಿ ಒಟ್ಟಿಗೆ ಬರುತ್ತೆ.

ಹಳ್ಳಿಯವರು ಏನಾದ್ರೂ ಅಂತಾರಾ?

ಹೆಲ್ಮೆಟ್ಟು, ಬಿಗಿ ಬಟ್ಟೆ, ಹ್ಯಾಂಡಲ್ ಮೇಲೆ ಫೋನು ನೋಡಿದ ಕೂಡಲೇ ಬರೋ ಮೊದಲ ಪ್ರಶ್ನೆ, ‘ಸರ್ವೆಗೆ ಬಂದಿದೀರಾ ಸ್ವಾಮಿ?’ ತಮಾಷೆ ಅನ್ನಿಸಬಹುದು. ಆದರೆ ಕೈಗಾರಿಕೆಗೆ, ರಸ್ತೆಗೆ, ಕಾಲುವೆಗೆ ಅಂತ ಜಮೀನು ಹೋದ ಕಡೆ ಅದು ತಮಾಷೆಯ ಪ್ರಶ್ನೆ ಅಲ್ಲ. ನಿಂತು, ಸುಮ್ನೆ ಸುತ್ತೋಕೆ ಬಂದಿದ್ದೀವಿ ಅಂತ ಹೇಳಿ. ಕೇಳದೆ ಅವರ ಹೊಲದ ಮೇಲೆ ಡ್ರೋನ್ ಹಾರಿಸಬೇಡಿ.

ಮೇಕೆ ಮಂದೆ ಎದುರಾದರೆ ಇಳಿದು ನಿಂತುಬಿಡಿ. ಮಂದೆ ಚೆದುರಿದರೆ ಮೇಯಿಸುವವರಿಗೆ ಮತ್ತೆ ಒಟ್ಟು ಮಾಡೋಕೆ ಎಷ್ಟು ಹೊತ್ತು ಬೇಕು ಅಂತ ನೋಡಿದ್ದೀರಾ? ಬೇಲಿಗೆ ಮುಳ್ಳಿನ ಗೇಟು ಇಟ್ಟಿದ್ದರೆ ತೆಗೆದು ದಾಟಿದ ಮೇಲೆ ಇದ್ದ ಹಾಗೇ ಮುಚ್ಚಿ.

ಮುಳ್ಳು ಜಾಸ್ತಿ ಅಂತಾರೆ. ಪಂಕ್ಚರ್‌ಗೆ ಏನು ಮಾಡೋದು?

ಜಾಸ್ತಿಯೇ. ಎರಡು ತರ ಮುಳ್ಳು ಗೊತ್ತಿದ್ದರೆ ಸಾಕು.

ಒಂದು ಬಳ್ಳಾರಿ ಜಾಲಿ. ಕೆರೆ ಏರಿ, ಕೆರೆ ಅಂಗಳ, ಹಳ್ಳದ ದಂಡೆ, ಎಲ್ಲಿ ನೋಡಿದರೂ ಇದೇ. ಸೌದೆಗೆ ಕಡಿದು ದಾರಿಯಲ್ಲಿ ಎಳೆದುಕೊಂಡು ಹೋಗಿರುತ್ತಾರೆ. ಆ ದಾರಿ ಎರಡು ಮೂರು ವಾರ ಮುಳ್ಳಿನ ದಾರಿಯೇ. ಜಾಲಿ ಮುಳ್ಳು ದೊಡ್ಡದು, ಕಣ್ಣಿಗೆ ಕಾಣುತ್ತೆ, ಚುಚ್ಚಿದ ಕೂಡಲೇ ಗೊತ್ತಾಗುತ್ತೆ.

ಇನ್ನೊಂದು ನೆಗ್ಗಿಲು ಮುಳ್ಳು. ಇದು ಕಳ್ಳ. ನೆಲಕ್ಕೆ ಅಂಟಿಕೊಂಡು ಹಬ್ಬುವ ಬಳ್ಳಿ, ಪುಟ್ಟ ಹಳದಿ ಹೂವು, ನೋಡಿದರೆ ಪಾಪ ಅನ್ನಿಸುತ್ತೆ. ಕಾಯಿ ಒಣಗಿ ಒಡೆದರೆ ಒಂದೊಂದು ಹೋಳಿಗೂ ಗಟ್ಟಿ ಮುಳ್ಳುಗಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನೋಡುತ್ತಿರುತ್ತೆ. ಮೂತ್ರ ವಿಸರ್ಜನೆಗೆ ಅಂತ ದಾರಿ ಪಕ್ಕ ಸೈಕಲ್ ಒರಗಿಸಿ ಬಂದು ನೋಡಿದರೆ ಟೈರ್ ತುಂಬಾ ಕಂದು ಬಣ್ಣದ ಚುಕ್ಕೆಗಳು. ಒಂದೊಂದನ್ನೂ ಉಗುರಲ್ಲಿ ಕೀಳುವಾಗ ಸುಯ್ ಅಂತ ಸದ್ದು ಬಂತೋ, ಮುಗೀತು. ಮಳೆಗಾಲ ಮುಗಿದ ಮೇಲೆ ಇದರ ಕಾಟ ಹೆಚ್ಚು. ದಾರಿಯ ನಡುವೆ ಗಾಲಿ ಓಡಾಡಿ ಸವೆದ ಪಟ್ಟಿಯಲ್ಲೇ ಇರಿ. ನಿಲ್ಲಿಸುವಾಗ ಹುಲ್ಲಿನ ಮೇಲಲ್ಲ, ಬಂಡೆ ಮೇಲೆ ನಿಲ್ಲಿಸಿ.

ಟ್ಯೂಬ್‌ಲೆಸ್ ಮಾಡಿಸಿಕೊಂಡು ಒಳಗೆ ಸೀಲಂಟ್ ಅನ್ನೋ ಅಂಟು ದ್ರವ ಹಾಕಿಸಿದರೆ ನೆಗ್ಗಿಲು ಚುಚ್ಚಿದ ತೂತು ತಾನಾಗೇ ಮುಚ್ಚುತ್ತೆ. ಆಗ ಮುಳ್ಳು ಕೀಳೋ ಗೋಜಿಗೆ ಹೋಗದೆ ಗಾಲಿ ತಿರುಗಿಸುತ್ತಾ ಇರಿ. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಟ್ಯೂಬ್‌ಲೆಸ್ ಇದ್ದರೂ ಒಂದು ಟ್ಯೂಬ್, ಟೈರ್ ಲಿವರ್, ಪಂಪ್ ಬ್ಯಾಗಲ್ಲಿರಲಿ.

ಇನ್ನೊಂದು ಸಣ್ಣ ವಸ್ತು ತುಂಬಾ ಉಪಯೋಗ. ದುಬಾರಿ ಸೈಕಲ್‌ಗಳಲ್ಲಿ ಬರೋದು ತೆಳ್ಳಗಿನ ಪ್ರೆಸ್ಟಾ ವಾಲ್ವ್. ಹಳ್ಳಿ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರೋದಿಲ್ಲ. ಹೆಬ್ಬೆರಳ ಉಗುರಷ್ಟು ಇರೋ ಹಿತ್ತಾಳೆ ಅಡಾಪ್ಟರ್ ಒಂದನ್ನ ತಿರುಗಿಸಿ ಕೂರಿಸಿದರೆ ಯಾವ ಅಂಗಡಿಯಲ್ಲಾದರೂ ಗಾಳಿ ಹಿಡಿಸಬಹುದು. ಆದರೆ ಅಂಗಡಿಯವರಿಗೆ ಬೈಕಿಗೆ ಹಿಡಿಯೋ ಅಭ್ಯಾಸ, ಟೈರ್ ಕಲ್ಲಾಗೋ ತನಕ ಬಿಡಲ್ಲ. ಪಕ್ಕದಲ್ಲೇ ನಿಂತು ‘ಸಾಕು ಅಣ್ಣ’ ಅನ್ನಿ.

ಗಾಳಿ ಎಷ್ಟಿರಬೇಕು?

ಎಪ್ಪತ್ತು ಕೆ.ಜಿ. ಆಸುಪಾಸಿನವರು, 40 ಎಂಎಂ ಟ್ಯೂಬ್‌ಲೆಸ್ ಟೈರ್ ಆದರೆ 30ರಿಂದ 35 ಪಿಎಸ್‌ಐನಲ್ಲಿ ಶುರು ಮಾಡಿ ನೋಡಿ. ಒಳಗೆ ಟ್ಯೂಬ್ ಇದ್ದರೆ ಸ್ವಲ್ಪ ಜಾಸ್ತಿ ಇಡಿ, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕಚ್ಚುತ್ತೆ. ಗಾಳಿ ಜಾಸ್ತಿ ಇದ್ದಷ್ಟೂ ಬೇಗ ಓಡುತ್ತೆ ಅನ್ನೋದು ಟಾರು ರಸ್ತೆಯ ನಂಬಿಕೆ. ಗರಸು ಮೇಲೆ ಗಟ್ಟಿ ಟೈರ್ ಜಿಗಿದು ಜಿಗಿದು ಹೋಗುತ್ತೆ, ತಿರುವಿನಲ್ಲಿ ಜಾರುತ್ತೆ.

ಯಾವ ಕಾಲ ಒಳ್ಳೇದು?

ಜೂನ್‌ನಿಂದ ಆಗಸ್ಟ್. ಮಳೆಗಾಲದಲ್ಲಾ ಅಂತ ಹುಬ್ಬೇರಿಸಬೇಡಿ. ಈ ಸೀಮೆಯಲ್ಲಿ ಆಗ ಮೋಡ, ತಂಪು ಗಾಳಿ, ಹನಿ ಮಳೆ ಅಷ್ಟೆ. ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದಾದ ಮೇಲೆ ನವೆಂಬರ್‌ನಿಂದ ಜನವರಿ ಮತ್ತೆ ಒಳ್ಳೆ ಕಾಲ, ಕೆರೆಗಳಲ್ಲಿ ನೀರಿರುತ್ತೆ, ರಾಗಿ ಹೊಲ ಹಣ್ಣಾಗಿರುತ್ತೆ, ಬೆಳಗಿನ ಚಳಿ ಹಿತವಾಗಿರುತ್ತೆ.

ಮಳೆ ಬಂದ ಮಾರನೇ ದಿನ ಹೋಗೋದು ಮಣ್ಣಿನ ಮೇಲೆ ಹೋಗುತ್ತೆ. ಬೆಟ್ಟದ ಬುಡದ ಗರಸು ಬೇಗ ನೀರು ಇಂಗಿಸಿಕೊಂಡು ಗಟ್ಟಿಯಾಗುತ್ತೆ, ಆಗಿನ ಸವಾರಿಯೇ ಸವಾರಿ. ಹೊಲದ ನಡುವಿನ ಜೇಡಿ ಕೆಮ್ಮಣ್ಣು ಹಾಗಲ್ಲ. ಟೈರಿಗೆ ಮೆತ್ತಿ, ಫ್ರೇಮಿಗೆ ಸಿಕ್ಕಿ, ಗಾಲಿಯೇ ತಿರುಗೋದಿಲ್ಲ. ಆಗ ಸೈಕಲ್ ನಿಮ್ಮ ಹೆಗಲ ಮೇಲೆ.

ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ. ಮಧ್ಯಾಹ್ನದ ಮೇಲೆ ಮುಂಗಾರು ಪೂರ್ವ ಮಳೆ ಗುಡುಗು ಸಿಡಿಲಿನ ಜೊತೆ ಬರುತ್ತೆ, ಬಯಲಲ್ಲಿ ಒಂಟಿ ಮರದ ಕೆಳಗೆ ನಿಲ್ಲಬೇಡಿ. ಪಾವಗಡದ ಕಡೆ, ತಿರುಮಣಿಯ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಸುತ್ತ ದಾರಿಗಳು ಖಾಲಿ ಇವೆ ಅಂತ ಬೇಸಿಗೆಯಲ್ಲಿ ಹೊರಡೋರಿದ್ದಾರೆ. ಸರ್ಕಾರ ಅಲ್ಲಿ ಸೋಲಾರ್ ಯಾಕೆ ಹಾಕಿತು ಅಂತ ಒಂದ್ಸಲ ಯೋಚನೆ ಮಾಡಿ.

ಚಿರತೆ, ಕರಡಿ ಇವೆಯಂತೆ?

ಇವೆ. ದೇವರಾಯನದುರ್ಗದಿಂದ ಮಧುಗಿರಿ ತನಕದ ಬೆಟ್ಟಸಾಲಿನ ಬಂಡೆ ಗವಿಗಳು ಎರಡಕ್ಕೂ ಮನೆ. ಚಿರತೆ ನಿಮ್ಮನ್ನ ನೋಡಿ ಮರೆಯಾಗುತ್ತೆ, ನಿಮಗೆ ಗೊತ್ತೂ ಆಗಲ್ಲ. ನಿಜವಾಗಿ ಹುಷಾರಾಗಿರಬೇಕಾದ್ದು ಕರಡಿಗೆ. ಅದಕ್ಕೆ ಕಣ್ಣು ಮಂದ, ತಲೆ ತಗ್ಗಿಸಿ ಹುತ್ತ ಬಗೆಯುತ್ತಾ ಇರುತ್ತೆ, ಸೈಕಲ್ ಸದ್ದಿಲ್ಲದೆ ಹತ್ತಿರ ಹೋದರೆ ಗಾಬರಿಯಾಗಿ ಮೇಲೆ ಬೀಳುತ್ತೆ. ಹಾಗಾಗಿ ಬೆಳಕು ಪೂರ್ತಿ ಹರಿದ ಮೇಲೆ ಹೊರಡಿ, ಸಂಜೆ ಐದರೊಳಗೆ ಬೆಟ್ಟದ ಬುಡ ಬಿಟ್ಟುಬಿಡಿ. ಕಾಣದ ತಿರುವುಗಳಲ್ಲಿ ಬೆಲ್ ಹೊಡೆಯಿರಿ, ಜೋರಾಗಿ ಮಾತಾಡಿ. ಕಿವಿಗೆ ಇಯರ್‌ಫೋನ್ ಬೇಡ. ಸೀತಾಫಲ, ಹಲಸು ಹಣ್ಣಾಗುವ ಕಾಲದಲ್ಲಿ ಕರಡಿ ತೋಟಗಳ ತನಕ ಬರುತ್ತೆ, ಅದು ಊರವರಿಗೆ ಗೊತ್ತಿರುತ್ತೆ, ಕೇಳಿ.

ಇನ್ನೊಂದು ಅಪಾಯ ಪ್ರಾಣಿಗಳದ್ದಲ್ಲ. ಹಂದಿ ಕಾಟಕ್ಕೆ ಕೆಲವರು ಹೊಲದ ಸುತ್ತ ತಂತಿ ಎಳೆದು ಕರೆಂಟ್ ಬಿಟ್ಟಿರುತ್ತಾರೆ. ಕಾನೂನುಬಾಹಿರವೇ, ಆದರೂ ಇರುತ್ತೆ. ಯಾವ ಬೇಲಿಯನ್ನೂ ಮುಟ್ಟಬೇಡಿ, ಹಾರಬೇಡಿ.

ನಾಯಿಗಳು?

ಕರಡಿಗಿಂತ ನಾಯಿ ಭಯವೇ ಎಲ್ಲರಿಗೂ ಜಾಸ್ತಿ, ಅಲ್ವಾ? ಓಡಿಸಿಕೊಂಡು ಹೋದರೆ ಅವಕ್ಕೆ ಆಟ. ನಿಲ್ಲಿಸಿ, ಇಳಿದು, ಸೈಕಲ್ ನಡುವೆ ಇಟ್ಟುಕೊಂಡು ನಡೆಯಿರಿ. ಬಗ್ಗಿ ಕಲ್ಲು ಎತ್ತೋ ಹಾಗೆ ಮಾಡಿದರೆ ಮುಕ್ಕಾಲು ಪಾಲು ಹಿಂದೆ ಸರಿಯುತ್ತವೆ. ಕಚ್ಚಿದರೆ ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿ. ಸಣ್ಣ ಗೀರು ಅಂತ ಬಿಡಬೇಡಿ.

ನೀರು, ತಿಂಡಿ ಎಲ್ಲಿ ಸಿಗುತ್ತೆ?

ಹೊರಡೋ ಮೊದಲು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಎರಡು ತಿಂದರೆ ಮಧ್ಯಾಹ್ನದ ತನಕ ತಡೆಯುತ್ತೆ, ಮೂರು ತಿಂದು ಏರು ಹತ್ತೋಕೆ ಹೋಗಬೇಡಿ.

ದಾರಿಯಲ್ಲಿ ಹಳ್ಳಿ ಅಂಗಡಿ ಸಿಗುತ್ತೆ. ಬಾಳೆಹಣ್ಣು, ಕಡಲೆಕಾಯಿ ಮಿಠಾಯಿ, ಬನ್ನು, ಟೀ. ಎನರ್ಜಿ ಜೆಲ್ ಎಲ್ಲ ಬೇಕಿಲ್ಲ, ಕಡಲೆಕಾಯಿ ಮಿಠಾಯಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ, ಬೆಲೆಯೂ ಕಡಿಮೆ. ತೆಂಗಿನ ಸೀಮೆ ಅಂತ ಎಲ್ಲೆಲ್ಲೂ ಎಳನೀರು ಸಿಗುತ್ತೆ ಅಂದುಕೊಳ್ಳಬೇಡಿ. ಇಲ್ಲಿ ಬಹಳಷ್ಟು ಕಾಯಿ ಮರದಲ್ಲೇ ಬಲಿತು ಕೊಬ್ಬರಿ ಆಗುತ್ತೆ, ತೋಟದವರು ಎಳೆಗಾಯಿ ಕೀಳೋದಿಲ್ಲ. ಎಳನೀರು ಬೇಕಾದರೆ ದೊಡ್ಡ ರಸ್ತೆಗೆ ಬರಬೇಕು.

ನೀರಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕ ಹುಡುಕಿ. ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಇರೋದರಿಂದಲೇ ಪಾವಗಡ, ಮಧುಗಿರಿ ಕಡೆ ಈ ಘಟಕಗಳು ಇಷ್ಟೊಂದು ಇರೋದು. ನಾಣ್ಯ ಹಾಕಿದರೆ ಒಂದೇ ಸಲ ಕ್ಯಾನ್ ತುಂಬುವಷ್ಟು ನೀರು ಬಿಡುತ್ತೆ, ನಿಮ್ಮ ಕೈಲಿರೋದು ಎರಡು ಪುಟ್ಟ ಬಾಟಲಿ. ಉಳಿದದ್ದು ಚರಂಡಿಗೆ ಹೋಗುತ್ತೆ. ಅದಕ್ಕೆ ಸುಮ್ನೆ ಪಕ್ಕ ನಿಂತು, ಕ್ಯಾನ್ ಹಿಡಿಯೋಕೆ ಬಂದವರನ್ನ ‘ಅಕ್ಕ, ಒಂದು ಬಾಟಲಿ’ ಅಂತ ಕೇಳಿ. ನಾಣ್ಯ ನೀವು ಹಾಕಿ, ಕ್ಯಾನ್ ಅವರು ತುಂಬಿಸಿಕೊಳ್ಳಲಿ.

ಮೈದನಹಳ್ಳಿ ಕೃಷ್ಣಮೃಗಗಳನ್ನ ಸೈಕಲ್‌ನಲ್ಲಿ ಹೋಗಿ ನೋಡಬಹುದಾ?

ಮೈದನಹಳ್ಳಿಯದು ಅಂದ್ರೆ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಕಡೆ ಇರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, 798 ಎಕರೆ, 2007ರಲ್ಲಿ ಘೋಷಣೆ ಆದದ್ದು. ಅಲ್ಲಿಯ ತನಕ ಸೈಕಲ್‌ನಲ್ಲಿ ಹೋಗಬಹುದು. ಒಳಗೆ ಹೋಗೋದಕ್ಕೆ ಇಲಾಖೆಯವರನ್ನ ಕೇಳಬೇಕು. ಒಳಗೆ ಹೋಗದೇನೂ ಪರವಾಗಿಲ್ಲ, ಮೃಗಗಳು ಬೇಲಿ ನೋಡಿ ಮೇಯೋದಿಲ್ಲ, ಸುತ್ತಲಿನ ಹೊಲಗಳಲ್ಲೂ ಕಾಣುತ್ತವೆ. ಕಂಡಾಗ ಸೈಕಲ್ ನಿಲ್ಲಿಸಿ. ಅವು ಓಡಿದವು ಅಂತ ಪಕ್ಕದಲ್ಲಿ ಜೊತೆಗೆ ತುಳಿಯೋಕೆ ಹೋಗಬೇಡಿ, ಅದು ರೇಸಲ್ಲ, ಅವುಗಳ ಪಾಲಿಗೆ ಅಟ್ಟಾಡಿಸಿದ ಹಾಗೆ.

ಹುಲ್ಲುಗಾವಲಲ್ಲಿ ದಾರಿ ಬಿಟ್ಟು ತುಳಿಯಬೇಡಿ ಅಂತ ಹೇಳೋದಕ್ಕೆ ಇನ್ನೊಂದು ಕಾರಣವೂ ಇದೆ. ಟಿಟ್ಟಿಭ, ನೆಲಗುಬ್ಬಿ, ಗೌಜಲ ಎಲ್ಲ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಟಿಟ್ಟಿಭದ ಮೊಟ್ಟೆ ಪಕ್ಕದಲ್ಲೇ ನಿಂತರೂ ಕಲ್ಲಿಂದ ಬೇರೆ ಅಂತ ಗೊತ್ತಾಗಲ್ಲ. ತಲೆ ಮೇಲೆ ಟಿಟ್ಟಿಭ ಕಿರುಚಿಕೊಂಡು ಸುತ್ತುತ್ತಿದ್ದರೆ ನೀವು ಬಂದ ದಾರಿಯಲ್ಲೇ ಹಿಂದಕ್ಕೆ ಹೆಜ್ಜೆ ಇಡಿ.

ಮಕ್ಕಳ ಜೊತೆ ಹೋಗೋಕೆ ಹೇಮಾವತಿ ಕಾಲುವೆ ದಾರಿ ಒಳ್ಳೇದಾ?

ದಾರಿ ಸಮತಟ್ಟು, ವಾಹನ ಇಲ್ಲ, ನೋಡೋಕೂ ಚೆಂದ. ಗೊರೂರು ಅಣೆಕಟ್ಟಿನ ನೀರು ತಿಪಟೂರು, ಗುಬ್ಬಿ ಕಡೆಯಿಂದ ಬುಗುಡನಹಳ್ಳಿ ಕೆರೆ ತನಕ ಬರುವ ಕಾಲುವೆಯ ಪಕ್ಕ ಇಲಾಖೆಯ ಮಣ್ಣು ದಾರಿ ಇದೆ. ದೊಡ್ಡವರಿಗೆ ಸರಿ. ಮಕ್ಕಳಿಗೆ ಬೇಡ ಅನ್ನೋದೇ ನನ್ನ ಉತ್ತರ. ಕಾಲುವೆಯ ಇಳಿಜಾರು ನುಣ್ಣಗಿನ ಕಾಂಕ್ರೀಟು, ಪಾಚಿ ಕಟ್ಟಿರುತ್ತೆ, ಒಮ್ಮೆ ಜಾರಿದರೆ ಈಜು ಬಂದರೂ ಹತ್ತಿ ಬರೋದು ಕಷ್ಟ. ಮಕ್ಕಳಿಗೆ ಮೈದಾಳ ಕಡೆ, ನೀರಿನಿಂದ ದೂರದ ಹಳ್ಳಿ ದಾರಿಗಳೇ ಸಾಕು.

ಒಕ್ಕಣೆ ಕಾಲದಲ್ಲಿ ಏನು ತೊಂದರೆ?

ಹಳ್ಳಿ ಟಾರು ರಸ್ತೆ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಓಡಾಡುವ ಗಾಡಿಗಳೇ ಒಕ್ಕಣೆ ಮಾಡಬೇಕು ಅಂತ. ಸೈಕಲ್‌ಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಹುರುಳಿ ಬಳ್ಳಿ ಹಿಂದಿನ ಗಾಲಿಯ ಗೇರಿನ ಪುಟ್ಟ ಚಕ್ರಗಳಿಗೆ ಸುತ್ತಿಕೊಂಡರೆ ಗೇರ್ ಬದಲಿಸುವ ಡಿರೇಲರ್ ಕಿತ್ತು ಬರುತ್ತೆ. ಇಳಿದು, ಸೈಕಲ್ ಎತ್ತಿಕೊಂಡು ದಾಟಿ. ರಾಗಿ ಹುಲ್ಲು ಜಾರುತ್ತೆ, ಬ್ರೇಕ್ ಹಿಡಿಯಬೇಡಿ.

ಒಬ್ಬರೇ ಹೋಗಬಹುದಾ? ಹೆಣ್ಣುಮಕ್ಕಳು?

ಯಾರಾದರೂ ಸರಿ, ಇಬ್ಬರು ಮೂವರು ಇದ್ದರೆ ಒಳ್ಳೇದು. ಬೆಟ್ಟದ ಹಿಂದೆ ಫೋನ್ ಸಿಗ್ನಲ್ ಇರಲ್ಲ, ಬಿದ್ದು ಮೂಳೆ ಮುರಿದರೆ ಇನ್ನೊಬ್ಬರು ಬೇಕು. ಒಬ್ಬರೇ ಹೊರಟರೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಹೆಣ್ಣುಮಕ್ಕಳು ಬೆಳಗಿನ ಹೊತ್ತು, ಹಾಲಿನ ಡೇರಿ, ಹೊಲದ ಕೆಲಸಕ್ಕೆ ಜನ ಓಡಾಡುವ ಊರು ದಾರಿಗಳಿಂದ ಶುರು ಮಾಡಿದರೆ ಪರಿಚಯವೂ ಆಗುತ್ತೆ. ಎರಡನೇ ಸಲ ಹೋದಾಗ ಅಜ್ಜಿಯರು ‘ಬಂದ್ಯಾ ಮಗಾ’ ಅಂತ ಮಾತಾಡಿಸುತ್ತಾರೆ.

ಮ್ಯಾಪ್ ಯಾವುದು?

ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಯಾವ ಆ್ಯಪ್ ಆದರೂ ಆಗುತ್ತೆ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ. ಹೊಸ ದಾರಿಯಾದರೆ ಸ್ಯಾಟಲೈಟ್ ಚಿತ್ರ ದೊಡ್ಡದು ಮಾಡಿ ನೋಡಿ. ಎರಡು ಸಮಾನಾಂತರ ಗೆರೆ ಕಂಡರೆ ಟ್ರ್ಯಾಕ್ಟರ್ ಓಡುವ ದಾರಿ, ತುಳಿಯಬಹುದು. ಒಂದೇ ಗೆರೆ ಕಂಡರೆ ದನದ ಜಾಡು, ಜಾಲಿ ಪೊದೆಯಲ್ಲಿ ಮುಗಿಯುವ ಸಾಧ್ಯತೆ ಜಾಸ್ತಿ.

ಡರ್ಟ್ ಬೈಕ್‌ನವರೂ (ಮೋಟಾರ್ ಬೈಕ್) ಬರಬಹುದಾ?

ಈ ಪುಟ ನಿಮಗಲ್ಲ.

ಬೆಂಗಳೂರಿನಿಂದ ಸೈಕಲ್ ತರೋದು ಹೇಗೆ?

ಹೆದ್ದಾರಿಯಲ್ಲಿ ತುಳಿದುಕೊಂಡು ಬರಬೇಡಿ. ಎಪ್ಪತ್ತು ಕಿಲೋಮೀಟರ್ ಲಾರಿ ಜೊತೆ ತುಳಿದು ಬಂದು ಟ್ರಾಫಿಕ್ ಇಲ್ಲದ ದಾರಿ ಹುಡುಕೋದರಲ್ಲಿ ಅರ್ಥ ಇಲ್ಲ. ಲಗೇಜ್ ಬೋಗಿ ಇರುವ ರೈಲಾದರೆ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ ಬುಕ್ ಮಾಡಬಹುದು. ಹಿಂದಿನ ದಿನವೇ ಹೋಗಿ ವಿಚಾರಿಸಿ, ರೈಲು ಹೊರಡೋ ಹೊತ್ತಿಗೆ ಹೋದರೆ ಆಗಲ್ಲ. ಕಾರಿನ ಹಿಂದೆ ರ‍್ಯಾಕ್ ಹಾಕಿಕೊಂಡು ಬರುವವರು ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಊರ್ಡಿಗೆರೆ ಕಡೆ ತಿರುಗಿದರೆ ತುಮಕೂರಿಗೆ ಬರೋದೇ ಬೇಕಿಲ್ಲ, ಅಲ್ಲಿಂದಲೇ ಶುರು ಮಾಡಬಹುದು. ಕಾರನ್ನ ಮಾತ್ರ ಯಾರದೋ ಹೊಲದ ದಾರಿಗೆ ಅಡ್ಡ ನಿಲ್ಲಿಸಬೇಡಿ. ಊರೊಳಗೆ ಅಂಗಡಿ ಮುಂದೆ ಕೇಳಿ ನಿಲ್ಲಿಸಿ, ವಾಪಸ್ ಬಂದಾಗ ಅದೇ ಅಂಗಡಿಯಲ್ಲಿ ಟೀ ಕುಡಿಯಿರಿ.